ಗುಮ್ಮನಿಗೆ ಜಾಗ ಹುಡುಕುವ ಗುಡ್ಡಪ್ಪ

ಶನಿವಾರ, ಬೆಳಗಿನ ಆರೂಕಾಲು. ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಒಂದಿಷ್ಟು ಒಳಗೆ ಹೋದರೆ ಸಿಗುವ ಸಣ್ಣ ಊರೊಂದರ ಸರ್ಕಾರಿ ಪ್ರಾಥಮಿಕ ಶಾಲೆ. ಹೊಳೆಯ ಕಡೆಯಿಂದ ಬಂದ ಮಂಜು ಇನ್ನೂ ಧ್ವಜದ ಕಂಬ ಬಿಟ್ಟಿಲ್ಲ. ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ ಕೂರುವ ಕೋಣೆಯಲ್ಲಿ ಐವತ್ತೆಂಟು ವರ್ಷದ ಗುಡ್ಡಪ್ಪ ಕಾಂಬಳೆ ಎರಡೂ ಮೊಣಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಂಡು, ಬಾಯಲ್ಲಿ ಸುಣ್ಣದ ಕಡ್ಡಿ ಕಚ್ಚಿಕೊಂಡು, ಗೋಡೆಗುಂಟ ಅಂಬೆಗಾಲಿಡುತ್ತಿದ್ದಾರೆ. ಎರಡು ಹೆಜ್ಜೆ ಹೋಗುತ್ತಾರೆ, ನಿಲ್ಲುತ್ತಾರೆ, ಕತ್ತು ಓರೆ ಮಾಡಿ ಕೇಳುತ್ತಾರೆ, ನೆಲದ ಮೇಲೆ ಒಂದು ಅಡ್ಡಗೀಟು ಎಳೆದು ಮುಂದಕ್ಕೆ ಸರಿಯುತ್ತಾರೆ.

ಕೋಣೆಯಲ್ಲಿ ಅವರು, ನಾನು, ಮತ್ತೆ ಕೊನೆಯ ಬೆಂಚಿನ ಮೇಲೆ ಕೂತ ಒಂದು ಕಪ್ಪು ಡಬ್ಬಿ. ಹಾಜರಿ ಕರೆಯಲಿ ಎಂದು ಕಾಯುತ್ತಿರುವ ಹುಡುಗನ ಹಾಗೆ ಕೂತಿದೆ. ಅದರೊಳಗಿಂದ ಹಲಗೆ ಬಾರಿಸುವ ಸದ್ದು ಬರುತ್ತಿದೆ: ಧಮ್, ಧಮ್, ಧಮಾಧಮ್. ನಿಂತು ಮತ್ತೆ ಮೊದಲಿನಿಂದ.

ಬಿಸಿಯೂಟದ ಅಡುಗೆಯ ಸಾವಿತ್ರವ್ವ ಹಾಲು ಕಾಯಿಸಲು ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ.

"ಏನ್ ಕಳಕೊಂಡೀರಿ ಯಪ್ಪಾ?"

"ಕಳಕೊಂಡಿಲ್ರಿ ಯವ್ವಾ. ಹುಡಕಾಕತ್ತೇನಿ."

"ಕಳೀದ ಏನ್ ಹುಡಕ್ತೀರಿ?"

"ಗುಮ್ಮಗ ಒಂದ್ ಜಾಗಾ."

ಸಾವಿತ್ರವ್ವ ನನ್ನ ಮುಖ ನೋಡುತ್ತಾರೆ. ಪೇಪರಿನವರು ಬೇರೆ ಜೊತೆಗಿದ್ದಾರೆಂದರೆ ಇದು ತಲೆಕೆಟ್ಟವರ ಕೆಲಸ ಇರಲಾರದು ಎಂದು ಸಮಾಧಾನ ಮಾಡಿಕೊಂಡವರಂತೆ ಒಲೆಯ ಕಡೆ ಹೋಗುತ್ತಾರೆ. ನನಗೆ ಅಷ್ಟು ಧೈರ್ಯ ಇರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ವಿಷಯ ಇಷ್ಟು. ಟಿವಿ ಪಾಠಕ್ಕೆ, ಮೈಕಿಗೆ, ಹಾಡಿಗೆ ಎಂದು ಈಗ ಎಷ್ಟೋ ಶಾಲೆಗಳಿಗೆ ದಾನಿಗಳು ಸೌಂಡ್ ಸೆಟ್ ಕೊಡುತ್ತಾರೆ. ಅದರಲ್ಲಿ ಮೂರು ಪೆಟ್ಟಿಗೆ. ಎರಡು ಸಣ್ಣವು, ಮಾತು ಅವುಗಳ ಪಾಲು. ಮೂರನೆಯದು ದೊಡ್ಡದು, ಸಬ್‌ವೂಫರ್, ದಪ್ಪ ದನಿ ಅದರ ಪಾಲು. ಗುಡ್ಡಪ್ಪ ಅದನ್ನು ಗುಮ್ಮ ಎನ್ನುತ್ತಾರೆ, ಗುಂ ಎನ್ನುವುದರಿಂದ. ಆ ಗುಮ್ಮನನ್ನು ತರಗತಿಯಲ್ಲಿ ಎಲ್ಲಿ ಕೂರಿಸಿದರೆ ಮಾತು ಕೊನೆಯ ಬೆಂಚಿಗೂ ತಿಳಿಯಾಗಿ ಮುಟ್ಟುತ್ತದೆ ಎಂದು ಹುಡುಕಿಕೊಡುವುದು ಗುಡ್ಡಪ್ಪನವರ ಕೆಲಸ. ಒಂಬತ್ತು ವರ್ಷಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಇದನ್ನು ಮಾಡುತ್ತಿದ್ದಾರೆ. ಮಕ್ಕಳ ಬಾಯಲ್ಲಿ ಅವರು ಗುಮ್ಮ ಕಾಕಾ.

"ಲೆಕ್ಕ ಸಾದಾ ಐತ್ರಿ," ಎನ್ನುತ್ತಾರೆ, ನೆಲದ ಮೇಲೆಯೇ ಕೂತು ಬೆವರು ಒರೆಸಿಕೊಳ್ಳುತ್ತ. "ಕಿವಿ ಇರೂ ಜಾಗಾದಾಗ ಡಬ್ಬಿ ಇಡೂದು. ಡಬ್ಬಿ ಇಡೂ ಜಾಗಾಕ್ಕ ನಮ್ಮ ಕಿವಿ ಒಯ್ಯೂದು. ಎಲ್ಲಿ ಸ್ವಚ್ಛ ಕೇಳತೈತಿ ಅಲ್ಲೆ ಖೂನ ಮಾಡೂದು. ಆಮ್ಯಾಲೆ ಡಬ್ಬಿ ಆ ಜಾಗಾಕ್ಕ ಬಂದ್ರ, ಬೆಂಚಿಗೂ ಅಷ್ಟ ಸ್ವಚ್ಛ ಕೇಳತೈತಿ. ನಿಂತು ಕೇಳಿದ್ರ ಆಗಂಗಿಲ್ರಿ. ಡಬ್ಬಿ ನೆಲದ ಮ್ಯಾಲೆ ಇರತೈತಿ, ಅದಕ್ಕ ಕಿವೀನೂ ನೆಲದ ಮ್ಯಾಲೆ ಬರಬೇಕು."

ಇವತ್ತು ಇಲ್ಲಿಗೆ ಬರಲು ಒಂದು ಕಾರಣವಿದೆ. ಈ ಕೋಣೆಯ ದಾಕ್ಷಾಯಿಣಿ ಟೀಚರ್ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ ದನಿ ಕಳೆದುಕೊಂಡಿದ್ದಾರೆ. ಗಂಟಲೊಳಗೆ ಸಣ್ಣ ಗಂಟುಗಳಾಗಿವೆ. ಕೂಗಿ ಪಾಠ ಮಾಡಿದರೆ ಇರುವಷ್ಟು ದನಿಯೂ ಹೋಗುತ್ತದೆ ಎಂದು ಬೆಳಗಾವಿಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಟೀಚರ್ ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ತಂದುಕೊಂಡು ಶಾಲೆಯ ಸೆಟ್ಟಿಗೆ ಜೋಡಿಸಿದರು. ಆದರೆ ಕೋಣೆಯಲ್ಲಿ ಮಾತು ಬರುವುದರ ಬದಲು ಬರೀ ಗುಂಯ್ ಎನ್ನುವ ಸದ್ದು. ಹಿಂದಿನ ಮೂರು ಸಾಲಿಗೆ ಒಂದಕ್ಷರ ತಿಳಿಯುತ್ತಿಲ್ಲ. ಪಾಠ ಬಿಟ್ಟು ಕಚೇರಿ ಕೆಲಸಕ್ಕೆ ಹಾಕಿರೆಂದು ಅವರು ಬರೆದ ಅರ್ಜಿ ಕೈಚೀಲದಲ್ಲಿದೆ. ಇವತ್ತು ಕೊನೆಯ ಬೆಂಚಿಗೆ ಕೇಳಿಸಿದರೆ ಸರಿ, ಇಲ್ಲದಿದ್ದರೆ ಸೋಮವಾರ ಅರ್ಜಿ ಕೊಡುವುದು ಎಂದು ಗಟ್ಟಿ ಮಾಡಿಕೊಂಡಿದ್ದಾರೆ.

"ಮೊದಲ ಸಲ ಅಕ್ಕಾರ ಫೋನ್ ಬಂದಾಗ ನಾನು ಹಲೋ ಹಲೋ ಅಂದು ಇಟ್ಟಬಿಟ್ಟೆ," ಎಂದು ಗುಡ್ಡಪ್ಪ ನಾಚಿಕೊಳ್ಳುತ್ತಾರೆ. "ರೇಂಜ್ ಇಲ್ಲಂತ ಮಾಡಿದ್ದೆ. ಮೂರು ಸಲ ಹಂಗ ಇಟ್ಟೆ. ಕಡೀಕ ಅವರು ಬರದು ಕಳಿಸಿದ್ರು, ಕಾಕಾ ರೇಂಜ್ ಐತ್ರಿ, ದನಿನ ಇಲ್ಲ ಅಂತ. ಅದನ್ನ ಓದಿ ಲಗೂನ ಶನಿವಾರ ಬರತೇನ್ರಿ ಅಂತ ತಿರುಗಿ ಬರದೆ."

ಡಬ್ಬಿಯನ್ನೇ ಬಂದ್ ಮಾಡಿಬಿಟ್ಟರೆ ಮುಗಿಯಿತಲ್ಲ ಎಂದು ನಾನು ಜಾಣತನ ತೋರಿಸುತ್ತೇನೆ. ಅವರು ಮೈಕನ್ನು ನನ್ನ ಅಂಗಿಗೇ ಸಿಕ್ಕಿಸಿ, ಡಬ್ಬಿ ಬಂದ್ ಮಾಡಿ, ಪಿಸುಗುಟ್ಟಲು ಹೇಳುತ್ತಾರೆ. ನನ್ನ ದನಿ ಸೊಳ್ಳೆ ಮಾತಾಡಿದ ಹಾಗೆ ಕೇಳುತ್ತದೆ.

"ಅಕ್ಕಾರ ದನಿಯೊಳಗ ಈಗ ಗಾಳಿ ಅಷ್ಟ ಉಳದೈತ್ರಿ, ತೂಕ ಹೋಗೈತಿ. ಆ ತೂಕ ಈ ಗುಮ್ಮ ಕೊಡಬೇಕು. ಆದ್ರ ಹದಕ್ಕ ಕೊಡಬೇಕು. ಜಾಸ್ತಿ ಕೊಟ್ಟಾಂದ್ರ ಅಕ್ಷರ ನುಂಗತಾನ."

ಗುಡ್ಡಪ್ಪನವರ ಊರು ಘೋಡಗೇರಿ. ಅಪ್ಪ ಊರಿನ ಡಂಗುರ ಸಾರುತ್ತಿದ್ದವರು. ಕೊರಳಲ್ಲಿ ಹಲಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಪಂಚಾಯ್ತಿಯ ಸುದ್ದಿ, ನೀರು ಬಿಡುವ ಸುದ್ದಿ, ದನ ಕಳೆದ ಸುದ್ದಿ ಹೇಳುತ್ತಿದ್ದರು. ಗುಡ್ಡಪ್ಪನವರ ಮೊದಲ ಪಾಠ ಅಲ್ಲಿ ಆದದ್ದು.

"ನಮ್ಮಪ್ಪ ಯಾವತ್ತೂ ಮೂಲ್ಯಾಗ ನಿಂತು ಸಾರತಿರಲಿಲ್ರಿ. ಓಣಿ ನಡಬರಕ ಬರಾಂವ. ಮೊದ್ಲ ಹಲಗಿ ಬಡ್ಯಾಂವ. ಹಲಗಿ ಸಪ್ಪಳ ಪೂರಾ ಸತ್ತ ಮ್ಯಾಲೆ ಬಾಯಿ ತಗ್ಯಾಂವ. ಯಾಕಪ್ಪಾ ತಡಾ ಮಾಡ್ತಿ ಅಂದ್ರ, ಸಪ್ಪಳ ಇನ್ನಾ ಗ್ವಾಡಿ ಹತ್ರ ಮಾತಾಡಾಕತ್ತೈತಿ, ಅದು ಮುಗೀಲಿ ತಡಿ ಅನ್ನಾಂವ."

ಶಾಲೆಯ ಪಾಠ ಅಷ್ಟು ಸಲೀಸಾಗಿ ಆಗಲಿಲ್ಲ. ಅವರನ್ನು ಕೂರಿಸುತ್ತಿದ್ದದ್ದು ಹಿಂದೆ, ಬೆಂಚಿಗೂ ಹಿಂದೆ, ಗೋಡೆಗೆ ತಾಗಿ ನೆಲದ ಮೇಲೆ. ಅವರ ಓಣಿಯ ಮಕ್ಕಳಿಗೆಲ್ಲ ಅದೇ ಜಾಗ. ತಗಡಿನ ಚಾವಣಿಯ ದೊಡ್ಡ ಖೋಲಿ, ಮೂರು ತರಗತಿಗಳ ಗದ್ದಲ, ಮಾಸ್ತರರ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬರೀ ಸದ್ದಾಗಿರುತ್ತಿತ್ತು. ಉಕ್ತಲೇಖನ ಅಂದರೆ ದಿನವೂ ಸೊನ್ನೆ.

"ಕೇಳಸಲಿಲ್ರಿ ಅಂದ್ರ ಇನ್ನೊಂದ್ ಏಟು ಜಾಸ್ತಿ ಬೀಳತಿತ್ತು. ಹಿಂಗಾಗಿ ಅನ್ನೂದ ಬಿಟ್ಟೆ. ಆರನೇತ್ತಕ್ಕ ಸಾಲೀನೂ ಬಿಟ್ಟೆ. ನಾ ದಡ್ಡ ಅಂತ ಎಲ್ಲಾರೂ ಅಂದ್ರು, ನಾನೂ ನಂಬಿದ್ದೆ. ಡಬ್ಬಿ ಕೆಲಸ ಹತ್ತಿದ ಮ್ಯಾಲೆ ತಿಳೀತು, ನಾ ದಡ್ಡ ಇರಲಿಲ್ಲ, ಜಾಗಾ ದಡ್ಡ ಇತ್ತು ಅಂತ."

ಇದನ್ನು ಅವರು ಸಿಟ್ಟಿನಿಂದ ಹೇಳುವುದಿಲ್ಲ. ನಗುತ್ತಲೇ ಹೇಳುತ್ತಾರೆ. ಸಿಟ್ಟು ಬಂದದ್ದು ಕೇಳಿಸಿಕೊಂಡ ನನಗೆ.

ಶಾಲೆ ಬಿಟ್ಟ ಮೇಲೆ ಗೋಕಾಕದ ಒಂದು ಸೌಂಡ್ ಸರ್ವಿಸ್ ಸೇರಿದರು. ಮದುವೆ, ಮೆರವಣಿಗೆ, ಪ್ರಚಾರ ಎಂದು ಮೂವತ್ತು ವರ್ಷ ಪೆಟ್ಟಿಗೆ ಹೊತ್ತರು, ವೈರು ಎಳೆದರು, ರಿಪೇರಿ ಕಲಿತರು. ಈಗಲೂ ಲಗ್ನದ ಸುಗ್ಗಿಯಲ್ಲಿ ಅದೇ ಹೊಟ್ಟೆಪಾಡು. ಶಾಲೆಯ ಕೆಲಸ ಗಂಟು ಬಿದ್ದದ್ದು ಒಂದು ಸ್ಕ್ರೂನಿಂದ.

ಮೂಡಲಗಿ ಕಡೆಯ ಒಂದು ಶಾಲೆಯವರು ಸೆಟ್ ಗುಂಯ್ ಎನ್ನುತ್ತಿದೆ, ಕೆಟ್ಟಿರಬೇಕು ಎಂದು ಕರೆಸಿದ್ದರು. ಗುಡ್ಡಪ್ಪ ಡಬ್ಬಿಯನ್ನು ಮೂಲೆಯಿಂದ ಎತ್ತಿ ಕೊನೆಯ ಬೆಂಚಿನ ಮೇಲಿಟ್ಟು ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿತ್ತು. ಹಾಡು ಹಚ್ಚಿಟ್ಟು ಮುಚ್ಚಳ ಕೂರಿಸುವಾಗ ಒಂದು ಸ್ಕ್ರೂ ಕೈಜಾರಿ ಉರುಳಿ ಹೋಯಿತು. ಹಾಡು ಬಂದ್ ಮಾಡದೆ ಅವರು ಕೋಣೆಯ ತುಂಬ ಅಂಬೆಗಾಲಿಟ್ಟು ಹುಡುಕಿದರು.

"ಮೂಲಿಗೆ ಹೋದೆ, ಗುಂಯ್ ಅಂತು. ನಡಬರಕ ಬಂದೆ, ಗುಮ್ಮ ಮಂಗಮಾಯ. ಕರೀ ಹಲಗಿ ಕೆಳಗ ಬಂದೆ, ಆಹಾ, ಬಯಲಾಗ ಬಾರಿಸಿದಂಗ ಸ್ವಚ್ಛ. ಅಲ್ಲೆ ಕುಂತಬಿಟ್ಟೆ ನೋಡ್ರಿ. ಸ್ಕ್ರೂ ಸಿಗಲಿಲ್ಲ. ಜಾಗಾ ಸಿಕ್ತು."

ಮಗಳು ನಂದಿನಿ ಹುಕ್ಕೇರಿಯಲ್ಲಿ ಬ್ಯಾಂಕ್ ಉದ್ಯೋಗಿ. ಈ ವಿದ್ಯೆಯನ್ನು ಮೊಬೈಲಿನಲ್ಲಿ ಹುಡುಕಿ ನೋಡಿ ಅವಳು ಹೌಹಾರಿದಳಂತೆ. ಹೊರದೇಶದ ಸೌಂಡಿನವರೂ ಹೀಗೆಯೇ ಅಂಬೆಗಾಲಿಟ್ಟು ಜಾಗ ಹುಡುಕುತ್ತಾರೆ ಎಂದು ಅಪ್ಪನಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಅವರದೂ ಸ್ಕ್ರೂ ಬಿದ್ದಿರಬೇಕು" ಎಂದರಂತೆ. ನಂದಿನಿಯ ನೋಟ್‌ಬುಕ್ಕಿನ ಪ್ರಕಾರ ಅಪ್ಪ ಈವರೆಗೆ ಅಂಬೆಗಾಲಿಟ್ಟ ಕೋಣೆಗಳು ನೂರ ಅರವತ್ತೆರಡು. ಇವತ್ತಿನದು ನೂರ ಅರವತ್ತಮೂರು. ಒಂದು ಕೋಣೆಗೆ ಇಪ್ಪತ್ತು ನಿಮಿಷದಿಂದ ಒಂದು ತಾಸು. ತಿಂಗಳಿಗೆ ಒಂದೋ ಎರಡೋ ಶಾಲೆ, ಅದೂ ಗಂಟೆ ಹೊಡೆಯುವ ಮುಂಚೆ. ಡಾಕ್ಟರು ಮೊಣಕಾಲಿಗೆ ಮುಲಾಮು ಬರೆದುಕೊಟ್ಟು ಕೆಳಗೆ ಕೂರಬೇಡಿ ಎಂದಿದ್ದಾರೆ. ಗುಡ್ಡಪ್ಪ ಮುಲಾಮನ್ನಷ್ಟೇ ಪಾಲಿಸುತ್ತಿದ್ದಾರೆ.

ಅವರ ಮೊಪೆಡ್‌ನ ಚೀಲದಲ್ಲಿ ಅಂಥ ದೊಡ್ಡ ಸಾಮಾನೇನೂ ಇಲ್ಲ. ಸುಣ್ಣದ ಕಡ್ಡಿ, ಸ್ಕ್ರೂಡ್ರೈವರ್, ಟೈರಿನ ತುಂಡು, ಬಳಪದಲ್ಲಿ ಬರೆಯುವ ಒಂದು ಪಾಟಿ, ಒಂದು ದಪ್ಪನೆಯ ಕೌದಿ ತುಂಡು. ಡಬ್ಬಿಯ ನಡುಕ ನೆಲಕ್ಕೆ ಇಳಿಯಬಾರದೆಂದು ಅಡಿಗೆ ಹಾಸುವ ಆ ಕೌದಿಯನ್ನು ಹೊಲಿದುಕೊಡುವವರು ಹೆಂಡತಿ ಉದ್ದವ್ವ. ಹಿಂದಿನ ದಿನ ನಾನು ಅವರ ಮನೆಗೆ ಹೋದಾಗ, ಬುದ್ಧನ ಚಿತ್ರದ ಕೆಳಗೆ ಕೂತು ನೂರ ಅರವತ್ತಮೂರನೆಯದಕ್ಕೆ ದಾರ ಪೋಣಿಸುತ್ತಿದ್ದರು.

"ಮಂದಿ ಮಕ್ಕಳಿಗೆ ಕೌದಿ ಹೊಲೀತಾರ, ನಾ ಡಬ್ಬಿಗೆ ಹೊಲೀತೇನಿ," ಎಂದು ಗಂಡನ ಕಡೆ ಮೂತಿ ತಿರುವಿದರು. "ಮನ್ಯಾಗ ಮಿಕ್ಸರ್ ಇಡಾಕೂ ಅಂಬೆಗಾಲ ಹಾಕತಾನರಿ. ಮೂರು ದಿನ ನಾ ಚಟ್ನಿ ಒಳಕಲ್ಲಾಗ ರುಬ್ಬೇನಿ."

ಟೇಪು, ಮೀಟರು ಇಲ್ಲ. ಅಳತೆ ಮೊಳದಲ್ಲಿ, ಗೇಣಿನಲ್ಲಿ. ಪರೀಕ್ಷೆಗೆ ಹಚ್ಚುವ ಹಲಗೆಯ ಸದ್ದು ಕೂಡ ಅವರದೇ. ಅಪ್ಪನ ಹಲಗೆಯನ್ನು ಹೊಲದ ನಡುವೆ ಒಯ್ದು ಬಾರಿಸಿ ಮೊಬೈಲಿಗೆ ತುಂಬಿಕೊಂಡದ್ದು.

"ಗ್ವಾಡಿ ಇಲ್ಲದ ಸಪ್ಪಳ ಇದು. ಇದರ ಖರೆ ದನಿ ನನಗ ಗೊತ್ತೈತಿ. ಖೋಲಿ ಸುಳ್ಳ ಹೇಳಾಕತ್ತಿದ್ರ ಲಗೂನ ಸಿಕ್ಕಬೀಳತೈತಿ."

ಒಂದು ಶಾಲೆಯಲ್ಲಿ ಸರ್ಟಿಫಿಕೇಟ್ ತೋರಿಸು ಎಂದು ಗೇಟಿನಲ್ಲೇ ನಿಲ್ಲಿಸಿದ್ದರಂತೆ. ಗುಡ್ಡಪ್ಪ ಮೊಣಕಾಲಿನ ಕರಿಗಟ್ಟಿದ ಚರ್ಮ ತೋರಿಸಿದರು. ಒಳಗೆ ಬಿಟ್ಟರೋ ಎಂದು ಕೇಳಿದೆ. ಇಲ್ಲವಂತೆ.

ಏಳೂಕಾಲಿಗೆ ಹುಡುಕಾಟ ಮುಗಿಯುತ್ತದೆ. ನೆಲದ ಮೇಲೆ ಹನ್ನೊಂದು ಅಡ್ಡಗೀಟು, ಒಂದೇ ಒಂದು ಸೊನ್ನೆ. ಆ ಸೊನ್ನೆ ಇರುವುದು ಕರಿಹಲಗೆಯ ಕೆಳಗೆ, ಬಾಗಿಲ ಬದಿಯ ಗೋಡೆಯಿಂದ ಎರಡು ಮೊಳ ಒಂದು ಗೇಣು ಈಚೆಗೆ. ಆದರೆ ಡಬ್ಬಿಯನ್ನು ಅಲ್ಲಿ ಇಡುವ ಮುಂಚೆ ಒಬ್ಬರನ್ನು ಒಪ್ಪಿಸಬೇಕು. ಶಾಲಾ ಸಮಿತಿಯ ಅಧ್ಯಕ್ಷ ಲಕ್ಷ್ಮಣ ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಗೆಳೆಯರನ್ನು ಕೂಡಿಸಿ ಸೆಟ್ ಕೊಡಿಸಿದವರೂ ಅವರೇ. ಬಂದವರು ಬಾಗಿಲಲ್ಲೇ ಹುಬ್ಬು ಗಂಟಿಕ್ಕುತ್ತಾರೆ.

"ಅಲ್ರಿ, ದೇವರ ಮೂಲ್ಯಾಗ ಇಟ್ಟಿದ್ವಿ. ಕಾಯಿ ಒಡದು, ಕುಂಕುಮ ಹಚ್ಚಿ ಇಟ್ಟಿದ್ದು. ಅಲ್ಲಿಂದ ಯಾಕ ಎಬ್ಬಿಸಿದ್ರಿ?"

ಗುಡ್ಡಪ್ಪನವರು ನೋಡಿದ ಕೋಣೆಗಳಲ್ಲಿ ಅರ್ಧಕ್ಕರ್ಧ ಕಡೆ ಆಗಿರುವ ತಪ್ಪು ಇದೇ. ಹೊಸ ವಸ್ತು, ದಾನದ ವಸ್ತು ಬಂದರೆ ನಮ್ಮ ಜನ ಮೊದಲು ಈಶಾನ್ಯ ನೋಡುತ್ತಾರೆ. ದೇವರ ಮೂಲೆಯಲ್ಲಿ ಇಟ್ಟರೆ ಮರ್ಯಾದೆ. ಆದರೆ ಎರಡು ಗೋಡೆ ಕೂಡುವ ಸಂದಿಯಲ್ಲಿ ಗುಮ್ಮನ ಸದ್ದು ಎರಡರಷ್ಟಾಗುತ್ತದೆ, ಮಾತು ಮುಳುಗುತ್ತದೆ. ಇದನ್ನು ವಿಜ್ಞಾನವಾಗಿ ಹೇಳಹೋಗಿ ಮೊದಮೊದಲು ಬೈಸಿಕೊಂಡಿದ್ದಾರಂತೆ. ಈಗ ಬೇರೆ ದಾರಿ ಕಂಡುಕೊಂಡಿದ್ದಾರೆ.

"ಅಧ್ಯಕ್ಷರ, ಸಣ್ಣವರಿದ್ದಾಗ ನಿಮ್ಮ ಆಯಿ ಗುಮ್ಮ ಎಲ್ಲಿ ಅದಾನಂತ ಹೇಳ್ತಿದ್ರು?"

"ಮೂಲ್ಯಾಗ."

"ಹೆದರಿ ಮಾತು ಬಂದ್ ಆಗತಿತ್ತೋ ಇಲ್ಲೋ?"

"ಆಗತಿತ್ತು."

"ಈಗ ಅಕ್ಕಾರದೂ ಅದ ಆಗೈತ್ರಿ. ದೇವರ ಮೂಲ್ಯಾಗ ದೇವರ ಇರಲಿ. ಅಲ್ಲೆ ಗುಮ್ಮನ್ನ ಯಾಕ ಕುಂದರಸ್ತೀರಿ?"

ಲಕ್ಷ್ಮಣ ಮೊದಲು ಮೂಲೆಯನ್ನು ನೋಡುತ್ತಾರೆ. ಆಮೇಲೆ ಹೊಟ್ಟೆ ಕುಲುಕಿಸಿ ನಗುತ್ತಾರೆ. ಮೂಲೆಯಲ್ಲಿ ಸರಸ್ವತಿಯ ಚಿತ್ರ ತೂಗುಹಾಕಲಾಗುತ್ತದೆ. ಅಧ್ಯಕ್ಷರೇ ಡಬ್ಬಿಯ ಒಂದು ಬದಿ ಹಿಡಿದು ಸುಣ್ಣದ ಸೊನ್ನೆಯವರೆಗೆ ತರುತ್ತಾರೆ.

ಅಷ್ಟರಲ್ಲಿ ದಾಕ್ಷಾಯಿಣಿ ಟೀಚರ್ ಬರುತ್ತಾರೆ. ನಮಸ್ಕಾರ ಎನ್ನುವುದು ತುಟಿಯಲ್ಲಿ ಕಾಣುತ್ತದೆ, ಕೇಳುವುದಿಲ್ಲ. ಕೈಚೀಲವನ್ನು ಮೇಜಿನ ಮೇಲಿಡುವಾಗ ಅರ್ಜಿಯ ತುದಿ ಹೊರಗೆ ಇಣುಕುತ್ತದೆ. ಅವರು ಅದನ್ನು ಒಳಕ್ಕೆ ತಳ್ಳುತ್ತಾರೆ. ನಿಮಗೆ ಕಚೇರಿ ಕೆಲಸ ಇಷ್ಟವೇ ಎಂದು ನಾನು ಕೇಳಬಾರದಿತ್ತು. ಅವರು ಮೈಕು ಸಿಕ್ಕಿಸಿಕೊಳ್ಳುತ್ತ ಪಿಸುದನಿಯಲ್ಲಿ ಹೇಳುತ್ತಾರೆ:

"ಇಪ್ಪತ್ತೆರಡು ವರ್ಷ ಗದ್ದಲದಾಗ ಇದ್ದಾಕಿ ನಾನು. ಫೈಲ್ ಏನ್ ಗದ್ದಲ ಮಾಡ್ತಾವ್ರಿ?"

ಎಂಟಕ್ಕೆ ಗಂಟೆ. ಪ್ರಾರ್ಥನೆ ಮುಗಿಸಿ ನಲವತ್ತೊಂದು ಮಕ್ಕಳು ಒಳಗೆ ನುಗ್ಗುತ್ತಾರೆ. ಗುಡ್ಡಪ್ಪ ತಮ್ಮ ಪಾಟಿ ಹಿಡಿದುಕೊಂಡು ಹಿಂದೆ ಹೋಗಿ, ಕೊನೆಯ ಬೆಂಚಿಗೂ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂರುತ್ತಾರೆ. ಎಲ್ಲ ಕಡೆಯೂ ಅವರು ಕೂರುವ ಜಾಗ ಇದೇ. ಪರೀಕ್ಷೆ ಏನೆಂದರೆ ಉಕ್ತಲೇಖನ. ಟೀಚರ್ ಹತ್ತು ಪದ ಹೇಳಬೇಕು, ಮಕ್ಕಳು ಬರೆಯಬೇಕು. ಕೊನೆಯ ಸಾಲಿನವರು ಸರಿ ಬರೆದರೆ ಡಬ್ಬಿ ಸರಿಯಾದ ಜಾಗದಲ್ಲಿದೆ ಎಂದು ಅರ್ಥ. ತಮ್ಮ ಕಿವಿಯ ಮೇಲೆ ಗುಡ್ಡಪ್ಪನವರಿಗೇ ಪೂರ್ತಿ ನಂಬಿಕೆ ಇಲ್ಲ. ಮದುವೆಯ ಪೆಟ್ಟಿಗೆಗಳ ಪಕ್ಕ ಮೂವತ್ತು ವರ್ಷ ನಿಂತ ಕಿವಿ. ದಪ್ಪ ಸದ್ದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಿಳಿಯುತ್ತದೆ, ತೀರ ಸಣ್ಣ ಕಿಣಿಕಿಣಿ ಈಗ ತಿಳಿಯುವುದಿಲ್ಲ.

ಈ ಪರೀಕ್ಷೆ ಒಮ್ಮೆ ಅವರಿಗೇ ತಿರುಗುಬಾಣವಾಗಿತ್ತು. ಗೋಕಾಕ ಫಾಲ್ಸ್ ಹಾದಿಯ ಒಂದು ಶಾಲೆಯಲ್ಲಿ ಮಾಸ್ತರರು 'ಶಾಲೆ' ಎಂದರೆ ಕೊನೆಯ ಬೆಂಚಿನವರೆಲ್ಲ 'ಸಾಲಿ' ಎಂದು ಬರೆಯುತ್ತಿದ್ದರು. ಗುಡ್ಡಪ್ಪ ಡಬ್ಬಿ ಸರಿಸಿದರು. ಮತ್ತೆ 'ಸಾಲಿ'. ಮತ್ತೆ ಸರಿಸಿದರು. ಹೀಗೆ ಆರು ಸಲ. ಮಧ್ಯಾಹ್ನದ ಊಟದ ಗಂಟೆಯೂ ಆಯಿತು.

"ಆಮ್ಯಾಲೆ ಮಾಸ್ತರ ಮುಂದಿನ ಬೆಂಚಿನವರ ವಹಿ ನೋಡಿದ್ರು. ಅವರೂ 'ಸಾಲಿ'ನ ಬರದಿದ್ರು! ನನ್ನ ಪಾಟಿ ಕೇಳಿದ್ರು. ಅದರಾಗೂ 'ಸಾಲಿ'! ಗುಡ್ಡಪ್ಪಾ, ಅದು ಡಬ್ಬಿ ತಪ್ಪಲ್ಲೋ, ನಮ್ಮೆಲ್ಲಾರ ಬಾಯಿ ತಪ್ಪು ಅಂದ್ರು. ಹೊಟ್ಟಿ ಹಿಡಕೊಂಡು ನಕ್ಕೆ ನೋಡ್ರಿ. ಪಾಪ, ಬಡಪಾಯಿ ಗುಮ್ಮಗ ಸುಮ್ನ ಆರು ಸಲ ಮನಿ ಬಿಡಿಸಿದ್ದೆ."

ಈಗ ದಾಕ್ಷಾಯಿಣಿ ಟೀಚರ್ ಬಾಯಿ ತೆರೆಯುತ್ತಾರೆ. ಬರೀ ಪಿಸುಮಾತು. ಆದರೆ ಕೋಣೆಯಲ್ಲಿ ಅದಕ್ಕೊಂದು ಮೈ ಬರುತ್ತದೆ. ಹರಟುತ್ತಿದ್ದ ಮಕ್ಕಳು ಸುಮ್ಮನಾಗುತ್ತಾರೆ. ಬಳೆ. ಮೀಸೆ. ಮಜ್ಜಿಗೆ. ಹತ್ತು ಪದ ಮುಗಿಯುತ್ತವೆ. ಗುಡ್ಡಪ್ಪ ಕೊನೆಯ ಸಾಲಿನ ವಹಿಗಳನ್ನು ನೋಡುತ್ತಾರೆ, ಮತ್ತು ಅವರ ಮುಖ ಸಪ್ಪಗಾಗುತ್ತದೆ. ಬಳೆ ಮಳೆಯಾಗಿದೆ. ಮೀಸೆ ಬಿಸಿಯಾಗಿದೆ. ಮಜ್ಜಿಗೆ ಬಜ್ಜಿಗೆ ಆಗಿದೆ.

ಅವರು ಮತ್ತೆ ಮೊಣಕಾಲೂರುತ್ತಾರೆ. ನಲವತ್ತೊಂದು ಮಕ್ಕಳ ಎಂಬತ್ತೆರಡು ಕಾಲುಗಳ ನಡುವೆ ಗುಮ್ಮ ಕಾಕಾ ಹರಿದಾಡುವುದೆಂದರೆ ಮಕ್ಕಳಿಗೆ ಹಬ್ಬ. ಕಚಗುಳಿಯಾದ ಹಾಗೆ ಕಿರುಚುತ್ತಾರೆ, ಕಾಲು ಮೇಲೆತ್ತಿ ದಾರಿ ಬಿಡುತ್ತಾರೆ. ಗುಡ್ಡಪ್ಪ ಹಲಗೆ ಹಚ್ಚಿ ಕೇಳುತ್ತಾರೆ. ಸದ್ದು ಸರಿಯಾಗಿದೆ. ಮತ್ತೆ ಕೇಳುತ್ತಾರೆ. ಸರಿಯೇ ಇದೆ. ಜಾಗ ತಪ್ಪಿಲ್ಲ, ಆದರೂ ಅಕ್ಷರ ಎಲ್ಲಿ ಸೋರಿಹೋಗುತ್ತಿದೆ ಎಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಾರೆ. ಮೇಜಿನ ಹತ್ತಿರ ನಿಂತ ಟೀಚರ್ ಮೈಕಿಗೆ ಕೈ ಹಚ್ಚಿ, ತೆಗೆದುಬಿಡಲೇ ಎನ್ನುವಂತೆ ನೋಡುತ್ತಾರೆ.

ಆಗ ಕೊನೆಯ ಬೆಂಚಿನ ಪೂನಮ್, ಎರಡು ಜಡೆಯ ಐದನೇ ತರಗತಿಯ ಹುಡುಗಿ, ಬೆರಳೆತ್ತುತ್ತಾಳೆ.

"ಕಾಕಾ, ಕಪಾಟ ನಗಾಕತ್ತೈತ್ರಿ."

"ಏನಂದಿ?"

"ಟೀಚರ್ ಬ ಅಂದ್ರ ನಗತೈತಿ, ಮ ಅಂದ್ರ ನಗತೈತಿ. ನಮಗ ಕಪಾಟ ಅಷ್ಟ ಕೇಳತೈತಿ."

ಅವಳ ಬೆನ್ನಿಗೆ ಒಂದು ಕಬ್ಬಿಣದ ಕಪಾಟು. ಗುಡ್ಡಪ್ಪ ಬಾಗಿಲು ತೆಗೆಯುತ್ತಾರೆ. ಒಳಗೆ ಸಾವಿತ್ರವ್ವನವರ ಬಿಸಿಯೂಟದ ಸ್ಟೀಲ್ ತಾಟುಗಳು ಕುತ್ತಿಗೆಯವರೆಗೆ ಪೇರಿಸಿವೆ. ಟೀಚರ್ ಮೈಕಿನಲ್ಲಿ "ಬಳೆ" ಎನ್ನುತ್ತಾರೆ. ಗುಮ್ಮ ಒಂದಿಷ್ಟು ನಡುಗುತ್ತಾನೆ, ತಾಟುಗಳೆಲ್ಲ ಕಿಣಿಕಿಣಿ ನಗುತ್ತವೆ. ನನಗೆ ಕೇಳಿಸುತ್ತದೆ, ಮಕ್ಕಳಿಗೆಲ್ಲ ಕೇಳಿಸುತ್ತದೆ. ಗುಡ್ಡಪ್ಪನವರಿಗೆ ಮಾತ್ರ ಕೇಳಿಸುವುದಿಲ್ಲ. ಅವರು ತಾಟಿನ ಮೇಲೆ ಅಂಗೈ ಇಟ್ಟು ನಡುಕ ನೋಡುತ್ತಾರೆ, ಪೂನಮ್ ತಲೆಯ ಮೇಲೆ ಅದೇ ಕೈ ಇಡುತ್ತಾರೆ.

"ಇದು ನನ್ನ ಕಿವಿಗೆ ಬೀಳೂದಲ್ಲವ್ವಾ. ಚಲೋ ಹೇಳಿದಿ."

ಸಾವಿತ್ರವ್ವನಿಗೆ ಕರೆ ಹೋಗುತ್ತದೆ. "ನನ್ನ ತಾಟು ನಿಮ್ಮ ಗುಮ್ಮಗ ಏನ್ ಮಾಡ್ಯಾವ್ರಿ?" ಎಂದು ಅವರು ರೇಗುತ್ತಲೇ ಬರುತ್ತಾರೆ. ಐದನೇ ತರಗತಿಯವರು ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ತಾಟು ದಾಟಿಸುತ್ತಾರೆ. ಹತ್ತು ನಿಮಿಷದಲ್ಲಿ ಕಪಾಟು ಖಾಲಿ, ಅಡುಗೆ ಕೋಣೆಯ ಜಗಲಿ ಭರ್ತಿ.

ಮತ್ತೆ ಉಕ್ತಲೇಖನ. ಗುಡ್ಡಪ್ಪ ಮತ್ತೆ ಗೋಡೆಗೆ ಬೆನ್ನು ಹಚ್ಚಿ ಪಾಟಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಈ ಸಲ ಟೀಚರ್ ಮುಂಚಿಗಿಂತ ಮೆಲ್ಲಗೆ ಮಾತಾಡುತ್ತಾರೆ. ತಾಯಿ ಮಲಗಿಸುವಾಗ ಮಾತಾಡುವಷ್ಟು ಮೆಲ್ಲಗೆ. ಹಾಲು. ಬಳೆ. ಮೀಸೆ. ಶಾಲೆ. ಸಂತೆ. ಒಂದೊಂದು ಅಕ್ಷರವೂ ಕೋಣೆಯನ್ನು ದಾಟಿ ಬಂದು, ಕೊನೆಯ ಗೋಡೆಯ ಹತ್ತಿರ ನಿಂತ ನನ್ನ ಕಿವಿಗೆ ಬೀಳುತ್ತದೆ.

ಈ ಸಲ ಟೀಚರ್ ತಾವೇ ಹಿಂದೆ ಬಂದು ವಹಿ ನೋಡುತ್ತಾರೆ. ಪೂನಮ್: ಹತ್ತಕ್ಕೆ ಒಂಬತ್ತು. ಪಕ್ಕದವನು: ಒಂಬತ್ತು. ಅದರ ಪಕ್ಕದವಳು: ಒಂಬತ್ತು. ಬಳೆ ಬಳೆಯಾಗಿದೆ, ಮೀಸೆ ಮೀಸೆಯಾಗಿದೆ. ತಪ್ಪು ಒಂದೇ, ಎಲ್ಲರದೂ ಅದೇ: 'ಸಾಲಿ'. ದಾಕ್ಷಾಯಿಣಿ ಟೀಚರ್ ನಕ್ಕುಬಿಡುತ್ತಾರೆ. ಆ ನಗು ಮೈಕಿನಲ್ಲಿ ಕೋಣೆಯ ತುಂಬ ಹರಡುತ್ತದೆ. ಎಷ್ಟೋ ತಿಂಗಳಿಂದ ಟೀಚರ್ ನಕ್ಕದ್ದನ್ನು ಕೇಳದ ಮಕ್ಕಳು ಏನು ಎತ್ತ ಎಂದು ತಿಳಿಯದೆಯೇ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದೆ. ಬಾಗಿಲಲ್ಲಿ ನಿಂತ ಸಾವಿತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆಗೆ ಬೈದುಕೊಳ್ಳುತ್ತಾರೆ.

ಗುಡ್ಡಪ್ಪ ಮುಂದೆ ಹೋಗಿ ಡಬ್ಬಿಯ ಅಡಿಗೆ ಉದ್ದವ್ವನ ಕೌದಿ ಹಾಸುತ್ತಾರೆ. ಕಲ್ಲುಹಾಸು ಏರುಪೇರಾಗಿದೆ, ಒಂದು ಕಾಲು ಇನ್ನೂ ಅಲುಗುತ್ತದೆ.

"ಅಕ್ಕಾರ, ಒಂದ್ ಕಾಗದ ಕೊಡ್ರಿ. ಮಡಚಿ ಕಾಲಿಗೆ ಕೊಟ್ಟಬಿಡತೇನಿ."

ಟೀಚರ್ ಕೈಚೀಲಕ್ಕೆ ಕೈ ಹಾಕುತ್ತಾರೆ. ಅರ್ಜಿ ತೆಗೆದು, ಒಮ್ಮೆ ನೋಡಿ, ಎರಡು ಮಡಿಕೆ ಮಾಡಿ, ನಾಲ್ಕು ಮಡಿಕೆ ಮಾಡಿ, ಎಂಟು ಮಡಿಕೆ ಮಾಡಿ ಕೊಡುತ್ತಾರೆ. ಗುಡ್ಡಪ್ಪ ಅದನ್ನು ಡಬ್ಬಿಯ ಕಾಲಿನ ಕೆಳಗೆ ತಳ್ಳಿ, ಅಂಗೈಯಿಂದ ಒತ್ತಿ ನೋಡುತ್ತಾರೆ. ಡಬ್ಬಿ ಅಲುಗುವುದಿಲ್ಲ.

"ನಿಮ್ಮ ಪಾಟಿ ನೋಡೂದು ಬಿಟ್ಟೆ," ಎಂದು ಟೀಚರ್ ಕೈ ಚಾಚುತ್ತಾರೆ.

ಐವತ್ತೆಂಟು ವರ್ಷದ ಮನುಷ್ಯ ಪಾಟಿಯನ್ನು ಎದೆಗೆ ಹಿಡಿದು ಒಂದು ಗಳಿಗೆ ಹಿಂಜರಿಯುತ್ತಾರೆ. ಆಮೇಲೆ ಕೊಡುತ್ತಾರೆ. ದಪ್ಪ ದಪ್ಪ ಸೊಟ್ಟ ಅಕ್ಷರ. ಟೀಚರ್ ಒಂದೊಂದಾಗಿ ಗುರುತು ಹಾಕುತ್ತ ಹೋಗುತ್ತಾರೆ. ಹಾಲು ಸರಿ. ಬಳೆ ಸರಿ. ಮೀಸೆ ಸರಿ. ನಾಲ್ಕನೆಯದರ ಮೇಲೆ ಬಳಪ ನಿಲ್ಲುತ್ತದೆ.

"ಕಾಕಾ, ಇದು ಕೇಳಿಸಲಿಲ್ಲೇನ್ರಿ?"

"ಕೇಳಿಸ್ತರಿ ಅಕ್ಕಾರ. ಹಿಂದಿನ ಗ್ವಾಡಿಗೆ ಕುಂತು ಸ್ವಚ್ಛ 'ಶಾಲೆ' ಅಂತನ ಕೇಳಿಸ್ತು."

"ಮತ್ತ 'ಸಾಲಿ' ಅಂತ ಬರದೀರಲ್ಲ?"

ಗುಡ್ಡಪ್ಪ ಮೊಣಕಾಲಿನ ಟೈರು ಬಿಚ್ಚುತ್ತ ತಲೆಯೆತ್ತಿ ಹೇಳುತ್ತಾರೆ:

"ಕೇಳಿದ್ದು ನಿಮ್ಮದ್ರಿ. ಬರದದ್ದು ನಂದು."